ಐದನೇ ತಾರೀಖಿನ ಗ್ಯಾಸು

ನಮ್ಮ ಸೇಡಂ ಸೀಮೆಯಲ್ಲಿ ರೋಗಗಳಿಗೆ ಬಹಳ ಹೆಸರುಗಳಿಲ್ಲ. ಕುತ್ತಿಗೆ ಹಿಡಿದರೂ ಗ್ಯಾಸು, ಬೆನ್ನು ನೊಂದರೂ ಗ್ಯಾಸು, ಎದೆಯಲ್ಲಿ ಏನೋ ಅಡರಿದಂತಾದರೂ ಗ್ಯಾಸು, ರಾತ್ರಿ ಮೂರಕ್ಕೆ ಎಚ್ಚರಾಗಿ ಫ್ಯಾನು ನೋಡುತ್ತ ಬೆಳಗು ಮಾಡಿದರೂ ಗ್ಯಾಸೇ. ಹಿರಿಯರು ಇದನ್ನು ಬದನೆಕಾಯಿಯ ತಲೆಗೆ ಕಟ್ಟುತ್ತಾರೆ. ಬದನೆಕಾಯಿ ತಿನ್ನದ ದಿನ ಬಂದರೆ ತೊಗರಿ ಬೇಳೆಯ ತಲೆಗೆ. ಆದರೆ ಈ ಜಿಲ್ಲೆಯಲ್ಲಿ ತೊಗರಿ ಬೇಳೆಯ ಮೇಲೆ ಅಪವಾದ ಹೊರಿಸುವುದು ಸಣ್ಣ ಮಾತಲ್ಲ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕ ಮೇಲಂತೂ ಅದು ಊರಿನ ಮರ್ಯಾದೆಯ ಪ್ರಶ್ನೆ. ಆದ್ದರಿಂದ ತಪ್ಪು ಮತ್ತೆ ಬದನೆಕಾಯಿಗೇ ಹೋಗಿ ನಿಲ್ಲುತ್ತದೆ.

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನ್ನ ಸಂಜೆಗಳು ಗೆಳೆಯನ ಮೆಡಿಕಲ್ ಅಂಗಡಿಯಲ್ಲಿ ಕಳೆಯುತ್ತವೆ. ಕೌಂಟರಿನ ಒಳಗೆ ಒಂದು ಸ್ಟೂಲು, ಎದುರಿಗೆ ರಸ್ತೆ, ರಸ್ತೆಯ ಮೇಲೆ ಸಿಮೆಂಟು ಟ್ಯಾಂಕರುಗಳ ಸಾಲು, ಅವುಗಳ ನಡುವೆ ಹಾದು ಬರುವ ಗಿರಾಕಿಗಳು. ಔಷಧಿ ಅಂಗಡಿಯಲ್ಲಿ ಕೂತವನಿಗೆ ಊರಿನ ಗುಟ್ಟು ತಿಳಿದಷ್ಟು ಪೊಲೀಸ್ ಸ್ಟೇಷನ್ನಿನಲ್ಲಿ ಕೂತವನಿಗೂ ತಿಳಿಯಲಿಕ್ಕಿಲ್ಲ. ಗ್ಯಾಸಿನ ಗುಳಿಗೆ ಕೇಳುವವರಲ್ಲಿ ಎರಡು ಜಾತಿ ಎಂಬುದು ನನ್ನ ಗೆಳೆಯ ಎಂದೋ ಕಂಡುಕೊಂಡ ಸಂಗತಿ. ನಮ್ಮ ವಯಸ್ಸಿನವರ ಗ್ಯಾಸಿಗೆ ಹೊತ್ತುಗೊತ್ತಿಲ್ಲ. ಇಪ್ಪತ್ತೆರಡರಿಂದ ಮೂವತ್ತರವರ ಗ್ಯಾಸಿಗೆ ಪಂಚಾಂಗ ಇದೆ. ತಿಂಗಳ ಕೊನೆಯ ವಾರ ಮೆಲ್ಲಗೆ ಶುರುವಾಗಿ, ಎರಡನೇ ತಾರೀಖಿಗೆ ಏರಿ, ಐದಕ್ಕೆ ಶಿಖರ ಮುಟ್ಟಿ, ಹತ್ತರ ಹೊತ್ತಿಗೆ ತಾನೇ ಇಳಿಯುತ್ತದೆ. ಬದನೆಕಾಯಿಗೆ ತಾರೀಖು ನೋಡಿ ತೊಂದರೆ ಕೊಡುವಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಐದನೇ ತಾರೀಖು ಎಂದರೆ ಕಿಸ್ತಿನ ತಾರೀಖು. ಬೈಕಿನ ಕಿಸ್ತು, ಮೊಬೈಲಿನ ಕಿಸ್ತು, ಅಕ್ಕನ ಮದುವೆಗೆ ತೆಗೆದ ಸಾಲದ ಕಿಸ್ತು. ಬ್ಯಾಂಕಿನ ಗಣಕಯಂತ್ರ ಆ ದಿನ ಬೆಳಗಿನ ಜಾವವೇ ಖಾತೆಗೆ ಕೈ ಹಾಕುತ್ತದೆ. ಅಲ್ಲಿ ರೊಕ್ಕ ಇಲ್ಲದಿದ್ದರೆ ದಂಡ ಹಾಕುತ್ತದೆ. ರೊಕ್ಕ ಇಲ್ಲದವನಿಗೆ ರೊಕ್ಕ ಇಲ್ಲದ್ದಕ್ಕಾಗಿ ರೊಕ್ಕದ ದಂಡ! ಈ ನ್ಯಾಯವನ್ನು ಮೊದಲು ಯೋಚಿಸಿದ ಮಹಾಶಯನಿಗೆ ನಿದ್ದೆ ಚೆನ್ನಾಗಿಯೇ ಬರುತ್ತಿದ್ದಿರಬೇಕು.

ನಮ್ಮ ಅಪ್ಪಂದಿರಿಗೂ ಸಾಲ ಇತ್ತು. ಸಾಲ ಇಲ್ಲದ ಒಕ್ಕಲಿಗನನ್ನು ಈ ಭಾಗದಲ್ಲಿ ನಾನು ಕಂಡಿಲ್ಲ. ಆದರೆ ಅವರ ಸಾಲ ನಡೆಯುತ್ತಿದ್ದದ್ದು ತೊಗರಿಯ ಪಂಚಾಂಗದಲ್ಲಿ. ಮಿರಗದ ಮಳೆಗೆ ಬಿತ್ತಿದ ತೊಗರಿ ಕೈಗೆ ಬರುವುದು ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಕಿರಾಣಿ ಅಂಗಡಿಯವನಿಗೂ ಬಟ್ಟೆ ಅಂಗಡಿಯವನಿಗೂ ಅಡತಿಯವನಿಗೂ ಉತ್ತರ ಒಂದೇ: "ತೊಗರಿ ಬರ್ಲಿ ತಡೀರಿ." ಎಲ್ಲರೂ ತಡೆಯುತ್ತಿದ್ದರು. ಅಡತಿಯವನು ಬಡ್ಡಿ ಬಿಡುತ್ತಿದ್ದನೆಂದಲ್ಲ, ಆತನೇನೂ ಧರ್ಮರಾಯನಲ್ಲ. ಆದರೆ ಮಳೆ ಹೋಯಿತೆಂದರೆ ಅದು ಆತನ ಕಣ್ಣಿಗೂ ಕಾಣುತ್ತಿತ್ತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಿದ್ದು ನಿಂತ ನಿಲುವಿನಲ್ಲೇ ತೊಗರಿ ಒಣಗಿದಾಗ ಆ ಹೊಲದ ಹಾದಿಯಲ್ಲಿ ಹಾಯ್ದವರೆಲ್ಲ ನೋಡಿದ್ದಾರೆ. ಬ್ಯಾಂಕಿನ ಗಣಕಯಂತ್ರ ಆ ಹಾದಿಯಲ್ಲಿ ಹಾಯುವುದಿಲ್ಲ.

ಈಗ ಒಂದೇ ಮನೆಯಲ್ಲಿ ಮೂರು ಪಂಚಾಂಗ ನಡೆದಿವೆ. ಅಪ್ಪನ ರೊಕ್ಕ ವರ್ಷಕ್ಕೊಮ್ಮೆ ಬರುತ್ತದೆ. ಅವ್ವ ಸಂಘದಲ್ಲಿ ಎತ್ತಿದ ಸಾಲಕ್ಕೆ ವಾರಕ್ಕೊಮ್ಮೆ ಕಟ್ಟಬೇಕು. ಮಗನ ಕಿಸ್ತು ತಿಂಗಳಿಗೊಮ್ಮೆ. ಅವ್ವ ಸಾಲ ಎತ್ತಿದ್ದೇ ಮಗನ ಬೈಕಿಗಾಗಿ. ಮಗ ಬೈಕು ತಗೊಂಡದ್ದೇ ಡ್ಯೂಟಿಗೆ ಹೋಗಲು. ಡ್ಯೂಟಿಯ ಪಗಾರದಲ್ಲಿ ಮೊದಲು ಹೋಗುವುದೇ ಬೈಕಿನ ಕಿಸ್ತು. ಎಲ್ಲಿಂದ ಹಿಡಿದರೂ ದಾರ ಬಂದು ಸುತ್ತಿಕೊಳ್ಳುವುದು ಆ ಹುಡುಗನ ಹೊಟ್ಟೆಗೇ. ವಾರದ ವಸೂಲಿಯವರು ಬಾಗಿಲಲ್ಲಿ ಕೂತು ಹೆಣ್ಣುಮಕ್ಕಳ ಮಾನ ಕಳೆಯುವುದು ಅತಿಯಾದಾಗ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರು ಸಾಲಗಾರರಿಗೆ ಕಿರುಕುಳ ಕೊಡದಂತೆ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಕಾನೂನು ತಡೆಯಬಲ್ಲದ್ದು ಬಾಗಿಲಿಗೆ ಬರುವವನನ್ನು. ಮೊಬೈಲಿನೊಳಗಿಂದ ದಿನಕ್ಕೆ ಹತ್ತು ಸಲ ಕರೆ ಮಾಡುವವನಿಗೆ ಬಾಗಿಲೂ ಇಲ್ಲ, ಹೊಸ್ತಿಲೂ ಇಲ್ಲ.

ಹೊಟ್ಟೆಗೂ ಮಿದುಳಿಗೂ ನೇರ ನಂಟಿದೆ, ವೇಗಸ್ ಎಂಬ ನರ ಅವೆರಡರ ನಡುವೆ ಸುದ್ದಿ ಸಾಗಿಸುತ್ತಲೇ ಇರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಹಾಗಾಗಿ ಹುಡುಗರು "ಗ್ಯಾಸ್ ಆಗ್ಯಾದ್ರಿ" ಅನ್ನುವುದು ಪೂರ್ತಿ ಸುಳ್ಳಲ್ಲ. ಹುಳಿ ತೇಗು ಖರೇನೇ ಬರುತ್ತದೆ. ಹೇಳದೆ ಉಳಿಯುವುದು ಅದರ ಹಿಂದಿನದು. ಕೌಂಟರಿಗೆ ಬಂದ ಹುಡುಗ ಮೊದಲು ಗ್ಯಾಸಿನ ಗುಳಿಗೆ ಕೇಳುತ್ತಾನೆ. ಉಳಿದ ಗಿರಾಕಿಗಳು ಹೋಗುವವರೆಗೆ ಮೊಬೈಲು ನೋಡುತ್ತ ನಿಲ್ಲುತ್ತಾನೆ. ಆಮೇಲೆ ದನಿ ಇಳಿಸಿ, "ನಿದ್ದಿ ಹತ್ತವಲ್ದ್ರಿ ಕಾಕಾ, ಅದಕ್ಕೇನರ ಅದ ಏನ್ರಿ?" ಅನ್ನುತ್ತಾನೆ. ಚೀಟಿ ಇಲ್ಲದೆ ನಿದ್ದೆಯ ಗುಳಿಗೆ ಕೊಡಲಾಗದು. ನನ್ನ ಗೆಳೆಯ ಕೊಡುವುದೂ ಇಲ್ಲ. ಬದಲಿಗೆ 14416 ಅಂತ ಒಂದು ನಂಬರು ಬರೆದುಕೊಡುತ್ತಾನೆ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಹುಡುಗ ಚೀಟಿಯನ್ನು ಮಡಚಿ ಕಿಸೆಗೆ ಇಟ್ಟುಕೊಳ್ಳುತ್ತಾನೆ. ಗ್ಯಾಸಿನ ಗುಳಿಗೆಯಲ್ಲಿ ಮಾತ್ರ ಪೂರ್ತಿ ಶೀಟು ಬೇಡ ಅನ್ನುತ್ತಾನೆ, ನಾಲ್ಕು ಕತ್ತರಿಸಿ ಕೊಡ್ರಿ ಸಾಕು. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು: ನನ್ನ ವಯಸ್ಸಿನವರು ಎದೆ ಹಿಡಿದದ್ದನ್ನೂ ಗ್ಯಾಸೆಂದು ಸೋಡಾ ಕುಡಿದು ಮಲಗುವುದುಂಟು. ಅಂಥವರನ್ನು ನನ್ನ ಗೆಳೆಯ ಬೈದು ಕಲಬುರಗಿಯ ಜಯದೇವ ಆಸ್ಪತ್ರೆಗೆ ಅಟ್ಟುತ್ತಾನೆ. ಅದು ಬೇರೆ ಕಥೆ.

ಬಡತನದಲ್ಲಿ ತಲೆ ಓಡುವುದಿಲ್ಲ ಎಂದು ನಮ್ಮ ಹಿರಿಯರು ಅನ್ನುತ್ತಿದ್ದುದನ್ನು ವಿಜ್ಞಾನಿಗಳು ಅಳೆದೇ ನೋಡಿದ್ದಾರೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕೆ ಅವರು ಆರಿಸಿಕೊಂಡದ್ದು ತಮಿಳುನಾಡಿನ ಕಬ್ಬಿನ ರೈತರನ್ನು. ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗೊಮ್ಮೆ, ಕಟಾವಿನ ರೊಕ್ಕ ಬಂದ ಮೇಲೊಮ್ಮೆ, ಅದೇ ಮನುಷ್ಯನಿಗೆ ಒಗಟಿನಂಥ ಪ್ರಶ್ನೆಗಳನ್ನು ಕೊಟ್ಟರು. ರೊಕ್ಕ ಬಂದ ಮೇಲೆ ಅದೇ ರೈತ ಹೆಚ್ಚು ಜಾಣನಾಗಿ ಉತ್ತರಿಸಿದ. ಅದೇ ತಲೆ, ಅದೇ ಊಟ, ಅದೇ ಊರು. ಮೊದಲ ಸಲ ಆ ತಲೆಯ ಅರ್ಧ ಜಾಗವನ್ನು ಸಾಲ ಬಾಡಿಗೆಗೆ ಹಿಡಿದಿತ್ತು, ಅಷ್ಟೇ. ಇದನ್ನು ಓದಿದಾಗ ನನಗೆ ನೆನಪಾದವರು ಫೀಜು ಕಟ್ಟದೆ ಪರೀಕ್ಷೆಗೆ ಕೂತ ನನ್ನ ವಿದ್ಯಾರ್ಥಿಗಳು. ಅವರ ಉತ್ತರಪತ್ರಿಕೆ ತಿದ್ದುವಾಗ ಯಾವ ಮಾಸ್ತರನೂ ಆ ಬಾಡಿಗೆದಾರನಿಗೆ ಅಂಕ ಕಳೆಯುವುದಿಲ್ಲ, ಹುಡುಗನಿಗೇ ಕಳೆಯುತ್ತಾನೆ.

ಹಾಗೆಂದು ಇಲ್ಲಿ ಕೆಲಸವೇ ಇಲ್ಲವೇ? ಹೊರಗಿನಿಂದ ಬಂದವರು ಚಿಮಣಿಗಳನ್ನು ನೋಡಿ ಬೆರಗಾಗುತ್ತಾರೆ. ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ನಾವು ಇಂದಿಗೂ ರಾಜಶ್ರೀ ಎಂದೇ ಕರೆಯುವ ಕಾರ್ಖಾನೆ, ಸೇಡಂನಲ್ಲಿ ವಾಸವದತ್ತಾ, ಚಿಂಚೋಳಿ ಕಡೆಗೂ ಚಿತ್ತಾಪುರದ ಕಡೆಗೂ ಆಮೇಲೆ ಎದ್ದ ಹೊಸಬು. ಭಾಸನ ನಾಟಕದಲ್ಲಿ ಉದಯನನ ಕನಸಿಗೆ ಬರುವ ರಾಣಿಯ ಹೆಸರೂ ವಾಸವದತ್ತಾ. ನಮ್ಮ ಹುಡುಗರ ಕನಸಿಗೂ ಅವಳು ಬರುತ್ತಾಳೆ, ಆದರೆ ಗೇಟ್ ಪಾಸಿನ ರೂಪದಲ್ಲಿ. ನೆಲದ ಕೆಳಗೆ ಸುಣ್ಣದ ಕಲ್ಲು ಹಾಸಿಕೊಂಡಿದೆ. ಮೇಲಿನಿಂದ ಪದರ ಪದರವಾಗಿ ಎಬ್ಬಿಸಿದರೆ ಫರ್ಸಿ, ಪುಡಿ ಮಾಡಿ ಸುಟ್ಟರೆ ಸಿಮೆಂಟು. ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ಮಹಾರಾಷ್ಟ್ರದ ಎಷ್ಟು ಮನೆಗಳ ಅಡುಗೆ ಕಟ್ಟೆಗೆ, ಎಷ್ಟು ರೈಲು ನಿಲ್ದಾಣಗಳ ನೆಲಕ್ಕೆ ನಮ್ಮ ಭೂಮಿ ಹಾಸಿಕೊಂಡು ಮಲಗಿದೆಯೋ! ಸಿಮೆಂಟಿನ ಗೂಡನ್ನು ಸುಮಾರು 1,450 ಡಿಗ್ರಿ ಶಾಖದಲ್ಲಿ ಹಗಲೂ ರಾತ್ರಿ ತಿರುಗಿಸುತ್ತಲೇ ಇರಬೇಕು, ಬೇಕೆಂದಾಗ ಆರಿಸಿ ಹೊತ್ತಿಸುವ ಒಲೆ ಅದಲ್ಲ. ಗೂಡು ನಿಲ್ಲದ್ದರಿಂದ ಶಿಫ್ಟೂ ನಿಲ್ಲುವುದಿಲ್ಲ. ಈ ವಾರ ಬೆಳಗು, ಮುಂದಿನ ವಾರ ಮಧ್ಯಾಹ್ನ, ಅದರಾಚೆ ರಾತ್ರಿ. ಕಾಯಂ ನೌಕರಿ ಸಿಕ್ಕವನು ಅದೃಷ್ಟವಂತ. ಹೆಚ್ಚಿನವರ ಹಾಜರಿ ಗುತ್ತೇದಾರನ ಪುಸ್ತಕದಲ್ಲಿ. ಗುತ್ತೇದಾರನ ಪಗಾರ ಬರುವುದು ಹತ್ತನೇ ತಾರೀಖಿಗೆ, ಕೆಲವು ತಿಂಗಳು ಹನ್ನೆರಡಕ್ಕೆ. ಕಿಸ್ತು ಐದಕ್ಕೆ. ಗೆಳೆಯನ ಅಂಗಡಿಯ ಗ್ಯಾಸಿನ ಪಂಚಾಂಗದ ಗುಟ್ಟು ಇದೇ ಎಂದು ನಮಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಅದನ್ನು ಹೊಳೆಯಿಸಿದವನೂ ಒಬ್ಬ ಗಿರಾಕಿಯೇ. ಗುಳಿಗೆಗೆ ತಪ್ಪದೆ ಬರುತ್ತಿದ್ದ ಹುಡುಗ ಒಂದೆರಡು ತಿಂಗಳು ಕಾಣಲಿಲ್ಲ. ಆಮೇಲೆ ಮಗುವಿಗೆ ಕೆಮ್ಮಿನ ಔಷಧಿ ಒಯ್ಯಲು ಬಂದಾಗ, "ಗ್ಯಾಸ್ ಹ್ಯಾಂಗದಪಾ ಈಗ?" ಎಂದು ಗೆಳೆಯ ಕೇಳಿದ. ಹುಡುಗ ನಕ್ಕ. ಬ್ಯಾಂಕಿಗೆ ಹೋಗಿ, ನಾಲ್ಕು ಸಲ ಅಲೆದು, ಮ್ಯಾನೇಜರರ ಕೈಕಾಲು ಹಿಡಿದು ಕಿಸ್ತಿನ ತಾರೀಖನ್ನು ಐದರಿಂದ ಹದಿನೈದಕ್ಕೆ ಬದಲಾಯಿಸಿಕೊಂಡಿದ್ದ. ಸಾಲ ಅಷ್ಟೇ ಇತ್ತು, ಪಗಾರವೂ ಅಷ್ಟೇ. "ಬದನಿಕಾಯಿ ಈಗ ಆರಾಮ ತಿಂತೀನ್ರಿ," ಅಂದ. ಇಡೀ ಜಿಲ್ಲೆಯ ಕಿಸ್ತುಗಳನ್ನು ಹತ್ತು ದಿನ ಮುಂದಕ್ಕೆ ತಳ್ಳಿದರೆ ಎಷ್ಟು ಹೊಟ್ಟೆಗಳು ತಣ್ಣಗಾದಾವು ಎಂದು ಯಾರಾದರೂ ಲೆಕ್ಕ ಹಾಕಬೇಕು. ನನ್ನ ಗೆಳೆಯನ ವ್ಯಾಪಾರಕ್ಕೆ ಪೆಟ್ಟು ಬೀಳುವುದಂತೂ ಖಾತ್ರಿ.

ತಾರೀಖು ಇದ್ದರೆ ಅದನ್ನು ಸರಿಸಬಹುದು. ತಾರೀಖೇ ಇಲ್ಲದವರ ಪಾಡು ಬೇರೆ. ನೌಕರಿಗೆ ತಯಾರಿ ನಡೆಸಿದವರ ಮಾತು ಹೇಳುತ್ತಿದ್ದೇನೆ. ಈ ಭಾಗಕ್ಕೆ 2012ರ 98ನೇ ತಿದ್ದುಪಡಿಯಿಂದ ಸಂವಿಧಾನದಲ್ಲಿ 371-ಜೆ ಕಲಂ ಬಂತು. ನಮ್ಮ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ಪಟಾಕಿ ಹೊಡೆದ ಮಂದಿಯಲ್ಲಿ ನಾನೂ ಇದ್ದೆ, ಇವತ್ತಿಗೂ ಅದು ದೊಡ್ಡ ಗೆಲುವೆಂದೇ ನನ್ನ ಮತ. ಅದರ ಹಿಂದೆಯೇ ಮನೆಮನೆಯಲ್ಲೂ ಒಂದು ಆಸೆ ಬಂದು ಕೂತಿತು. ಡಿಗ್ರಿ ಮುಗಿಸಿದವನು ಕಲಬುರಗಿಯಲ್ಲೊಂದು ರೂಮು ಹಿಡಿಯುತ್ತಾನೆ, ಇಲ್ಲವೇ ವಾಡಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ವಿಜಯನಗರ ಸೇರುತ್ತಾನೆ. ಊರಿಗೆ ಬಂದಾಗ ನಾವು ಕೇಳುವುದು ಒಂದೇ ಪ್ರಶ್ನೆ, "ಏನ್ ನಡದದಪಾ ತಮ್ಮಾ?" ಅವನದೂ ಒಂದೇ ಉತ್ತರ, "ತಯಾರಿ ನಡದದ್ರಿ." ಇಪ್ಪತ್ಮೂರಕ್ಕೆ ಈ ಉತ್ತರ ಹೇಳುವಾಗ ದನಿಯಲ್ಲಿ ಠೇಂಕಾರ ಇರುತ್ತದೆ. ಇಪ್ಪತ್ತೇಳಕ್ಕೆ ಕಣ್ಣು ಆಕಡೆ ಈಕಡೆ ಹೊರಳುತ್ತದೆ. ಇಪ್ಪತ್ತೊಂಬತ್ತಕ್ಕೆ ಅವನು ಆ ಓಣಿಯನ್ನೇ ಬಿಟ್ಟು ಸುತ್ತುಹಾಕಿ ಹೋಗುತ್ತಾನೆ. ಪ್ರಶ್ನೆ ಕೇಳಿದ ನಾವು ಕಟ್ಟೆಯ ಮೇಲೆ ಕೂತೇ ಇರುತ್ತೇವೆ.

ಪಿಎಸ್‌ಐ ಪರೀಕ್ಷೆಯದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಬರೆದವರು ಐವತ್ತು ಸಾವಿರಕ್ಕೂ ಹೆಚ್ಚು. ಮರುವರ್ಷದ ಏಪ್ರಿಲ್‌ನಲ್ಲಿ ಅಕ್ರಮ ಹೊರಬಿತ್ತು. ಅದು ಮೊದಲು ಹೊರಬಿದ್ದದ್ದೂ ನಮ್ಮ ಕಲಬುರಗಿಯಲ್ಲೇ. ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವಿನ ಎರಡು ವರ್ಷ ಮೂರು ತಿಂಗಳನ್ನು ಒಬ್ಬ ಹುಡುಗ ಏನೆಂದು ಬದುಕಬೇಕು? ಬೆಳಿಗ್ಗೆ ಐದಕ್ಕೆದ್ದು ಮೈದಾನದಲ್ಲಿ ಓಡುತ್ತಾನೆ, ಯಾಕೆಂದರೆ ದೈಹಿಕ ಪರೀಕ್ಷೆ ಮತ್ತೆ ಯಾವಾಗ ಕರೆಯುತ್ತಾರೋ ತಿಳಿಯದು. ಓದಿದ್ದನ್ನೇ ಓದುತ್ತಾನೆ. ಮೋಸ ಮಾಡದೆ ಪಾಸಾಗಿ ಹೆಸರು ಪಟ್ಟಿಯಲ್ಲಿದ್ದವನಿಗೂ ಪಟ್ಟಿಯಲ್ಲಿ ಇಲ್ಲದವನಿಗೂ ಒಂದೇ ಗತಿಯಾಯಿತು. ಇಂಥ ಹೊತ್ತಿನಲ್ಲಿ ಮೊಬೈಲಿನ ರಮ್ಮಿ, ಕ್ರಿಕೆಟ್ಟಿನ ಬಾಜಿ ಕೈ ಬೀಸಿ ಕರೆಯುತ್ತವೆ. ರೂಮಿನ ಬಾಡಿಗೆಗೆಂದು ಇಟ್ಟ ರೊಕ್ಕ ದುಪ್ಪಟ್ಟಾಗುವುದೆಂಬ ಆಸೆಯಲ್ಲಿ ಎಷ್ಟು ಹುಡುಗರು ಅವ್ವನ ಬೋರಮಾಳ ಕಳೆದರೋ. ಸಂಸತ್ತು 2025ರ ಆಗಸ್ಟಿನಲ್ಲಿ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಬೋರಮಾಳ ತಿರುಗಿ ಬರಲಿಲ್ಲ.

ಯುವನಿಧಿಯ ಮೂರು ಸಾವಿರ ರೂಪಾಯಿಯನ್ನು ಹೀಗಳೆಯುವವರು ಬಹಳ ಮಂದಿ ಇದ್ದಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯೋಜನೆ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಎರಡು ವರ್ಷ. ಅಷ್ಟರಲ್ಲಿ ಏನಾಗುತ್ತದೆ ಎನ್ನುತ್ತಾರೆ. ಮಗ ಅಪ್ಪನ ಮುಂದೆ ಕೈ ಚಾಚಿ ಅರ್ಜಿ ಫೀಜು ಕೇಳುವುದು ತಪ್ಪುತ್ತದೆ. ಆ ಚಾಚಿದ ಕೈಯ ಭಾರ ಎಷ್ಟೆಂದು ಪಿಂಚಣಿ ಎಣಿಸುತ್ತ ಕೂತ ನಮ್ಮಂಥವರಿಗೆ ತಿಳಿಯುವುದು ಕಷ್ಟ.

ನಾನು ಪಾಠ ಮಾಡುತ್ತಿದ್ದವನು, ಆದ್ದರಿಂದ ಮಾತು ಎಲ್ಲಿಂದ ಹೊರಟರೂ ಮಳಖೇಡಕ್ಕೆ ಬಂದು ನಿಲ್ಲುತ್ತದೆ. ಕಾಗಿಣಾ ದಂಡೆಯ ಆ ಬಿದ್ದ ಕೋಟೆ ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ, ಕವಿರಾಜಮಾರ್ಗ ಎಂದು ಭಾಷಣ ಮಾಡುವವರು ಬಹಳ ಮಂದಿ ಇದ್ದಾರೆ. ಅದೇ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ' ಬರೆದ. ಗ್ರಂಥದ ಮೊದಲಿಗೇ ರಾಜನನ್ನು ಹೊಗಳಿದ್ದಾನೆ. ಅದರಲ್ಲಿ ಬಡ್ಡಿಯ ಲೆಕ್ಕಗಳು ಬೇಕಾದಷ್ಟಿವೆ. ಅಸಲು ಬಡ್ಡಿ ಕೂಡಿಸಿದ ಗಂಟು ಇಷ್ಟು, ಅಸಲೆಷ್ಟು ಬಡ್ಡಿಯೆಷ್ಟು ಬೇರೆ ಮಾಡು. ಕಂತಿನಲ್ಲಿ ಕಟ್ಟುತ್ತ ಹೋದರೆ ಸಾಲ ತೀರುವುದು ಎಂದಿಗೆ, ಹೇಳು. ಸಾವಿರದ ನೂರೈವತ್ತು ವರ್ಷಗಳ ಹಿಂದೆಯೂ ಇಲ್ಲಿ ಕಿಸ್ತು ಇತ್ತೆಂದಾಯಿತು. ಆತನ ಒಂದು ಲೆಕ್ಕವನ್ನು ಮಾತ್ರ ಇಂದಿನ ಗಣಿತಜ್ಞರು ಒಪ್ಪುವುದಿಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದಿದ್ದಾನೆ. ತಪ್ಪಂತೆ. ನಮ್ಮ ಹುಡುಗರನ್ನು ಕೇಳಿದರೆ ಸರಿ ಎಂದೇ ಹೇಳುತ್ತಾರೆ. ಪಗಾರ ಸೊನ್ನೆ, ಸಾಲವನ್ನು ಅದರಿಂದ ಎಷ್ಟು ಸಲ ಭಾಗಿಸಿದರೂ ಇದ್ದಷ್ಟೇ ಇದೆ.

ಆದರೆ ನನಗೆ ಹೆಚ್ಚು ಹತ್ತಿರದವನು ಅಲ್ಲಿಗೆ ನೂರು ವರ್ಷ ತಡವಾಗಿ ಬಂದ ಇನ್ನೊಬ್ಬ. ಪುಷ್ಪದಂತ, ಅಪಭ್ರಂಶ ಭಾಷೆಯ ದೊಡ್ಡ ಕವಿ. ಮೂರನೆಯ ಕೃಷ್ಣನ ಆಳ್ವಿಕೆ, 959ನೇ ಇಸವಿ. ಎಲ್ಲಿಂದಲೋ ನಡೆದು ನಡೆದು ದಣಿದು ಮಾನ್ಯಖೇಟದ ಹೊರಗಿನ ತೋಪಿನಲ್ಲಿ ಬಂದು ಬಿದ್ದಿದ್ದಾನೆ. ಮೈ ಸಣಕಲು, ಕೈಯಲ್ಲಿ ಕಾಸಿಲ್ಲ, ಮನೆಯಿಲ್ಲ. ಇದ್ದದ್ದು ವಿದ್ಯೆ ಮತ್ತು ಬೆಟ್ಟದಷ್ಟು ಅಭಿಮಾನ. ತನಗೆ ಅಭಿಮಾನಮೇರು ಎಂಬ ಬಿರುದನ್ನೇ ಇಟ್ಟುಕೊಂಡಿದ್ದ. ದಾರಿಹೋಕರಿಬ್ಬರು, ಇಲ್ಲೇಕೆ ಮಲಗಿದ್ದೀರಿ, ಊರೊಳಗೆ ಬನ್ನಿ ಎಂದರು. ದೊಡ್ಡವರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದು ಮೇಲು ಎಂಬರ್ಥದ ಮಾತನಾಡಿದ. ಓಣಿ ಬಿಟ್ಟು ಸುತ್ತುಹಾಕಿ ಹೋಗುವ ಇಪ್ಪತ್ತೊಂಬತ್ತರ ಹುಡುಗನಿಗೆ ಈ ಮಾತು ವಿವರಿಸಬೇಕಿಲ್ಲ. ಕಡೆಗೂ ಅವರು ಅವನನ್ನು ಒಪ್ಪಿಸಿ ಮಂತ್ರಿ ಭರತನ ಮನೆಗೆ ಕಳಿಸಿದರು. ಭರತ ಉಪಚರಿಸಿದ, ಕೆಲವು ದಿನ ಸುಮ್ಮನೆ ಇರಗೊಟ್ಟ. ಆಮೇಲೆ, ಒಂದು ಪುರಾಣ ಬರೆಯಬಹುದೇ ಎಂದು ಕೇಳಿದ.

ಬರೆಯಲು ತೊಡಗಿದ ಪುಷ್ಪದಂತ ಅರ್ಧಕ್ಕೆ ಕೈಚೆಲ್ಲಿದ. ಯಾಕೆಂದರೆ ಯಾಕೂ ಇಲ್ಲ. ಮನಸ್ಸು ಮುರಿಯಿತು, ಬರೆಯುವುದರಲ್ಲಿ ಅರ್ಥ ಕಾಣಲಿಲ್ಲ. ಊಟ ಇತ್ತು, ಮನೆ ಇತ್ತು, ಕೆಲಸ ಇತ್ತು, ಆದರೂ ಹಾಗಾಯಿತು. ಹೊಟ್ಟೆ ತುಂಬಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರು ಈ ಪ್ರಸಂಗವನ್ನು ಒಮ್ಮೆ ನೋಡಬೇಕು. ಕನಸಿನಲ್ಲಿ ಸರಸ್ವತಿ ಬಂದಳು ಎಂದು ಕವಿಯೇ ಹೇಳಿಕೊಂಡಿದ್ದಾನೆ. ಸರಸ್ವತಿಗಿಂತ ನನಗೆ ಹಿಡಿಸುವುದು ಆಮೇಲೆ ಬಂದ ಭರತ. ಎಷ್ಟು ಸಂಧಿ ಆಯಿತು, ಯಾವಾಗ ಮುಗಿಸುತ್ತೀ ಎಂದು ಅವನು ಕೇಳಲಿಲ್ಲ. ಮನಸ್ಸಿಗೆ ಯಾಕೆ ಬೇಸರವಾಯಿತು, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೈಮುಗಿದು ಕೇಳಿದ. ಪುಷ್ಪದಂತ ಮತ್ತೆ ಕೂತು 965ರಲ್ಲಿ ನೂರೆರಡು ಸಂಧಿಗಳ ಮಹಾಪುರಾಣ ಮುಗಿಸಿದ. ಏಳು ವರ್ಷಕ್ಕೆ, 972ರಲ್ಲಿ, ಪರಮಾರರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಇನ್ನು ನಾನು ಎಲ್ಲಿರಲಿ ಎಂದು ಕವಿ ಮತ್ತೊಮ್ಮೆ ಹಲುಬಬೇಕಾಯಿತು.

ಈ ಕಥೆಯನ್ನು ಮೊನ್ನೆ ಅಂಗಡಿಯಲ್ಲಿ ಗುಳಿಗೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಕೆಎಎಸ್ ತಯಾರಿಯವನು. ನಿಂತಲ್ಲೇ ನಿಂತು ಪೂರ್ತಿ ಕೇಳಿದ. ಮಾತು ಎದೆಗೆ ತಟ್ಟಿತೆಂದು ನನಗೆ ಒಳಗೊಳಗೇ ಹಿಗ್ಗು. ಕೊನೆಗೆ ಬಹಳ ಗಂಭೀರವಾಗಿ ಕೇಳಿದ:

"ಸರ್, ಆ ಭರತ ಅನ್ನವ್ರು ಯಾವ ಇಲಾಖೆ ಮಂತ್ರಿ ಇದ್ರು? ಪರೀಕ್ಷಾದಾಗ ಕೇಳಬಹುದೇನ್ರಿ?"